ಹತ್ತು ಇಂಚಿನ ಹಾಸಿಗೆ

“ಇದು ಹಾಸಿಗೆಯೋ, ಇಲ್ಲಾ ನಾಟಿ ಗದ್ದೆಯೋ?”

ಮಂಚಮ್ಮ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಆಗ ಇದ್ದದ್ದು ಆಕೆ, ಗೋಡೆಯ ಮೇಲೆ ಕರಿಘಟ್ಟದ ಶ್ರೀನಿವಾಸನ ಪಟ, ಅಷ್ಟೆ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಅಡಿಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟು ನಿಂತಿದ್ದ ಸೊಸೆ ಮಾದಮ್ಮನಿಗೆ ಆ ಮಾತು ಚೆನ್ನಾಗಿಯೇ ಕೇಳಿಸಿತು. ಅವಳು ಎಸರಿಗೆ ಒಂದು ಚಿಟಿಕೆ ಹಿಟ್ಟು ಕದಡಿ ಬಿಟ್ಟು, ಅದು ಕುದಿ ಬರುವುದನ್ನೇ ನೋಡುತ್ತ ನಿಂತಳು.

ಹಾಸಿಗೆ ಮನೆಗೆ ಬಂದು ಅಂದಿಗೆ ಮೂರನೆಯ ದಿನ. ಮುದುಕಿ ಏಳುವ ಕ್ರಮ ಇಷ್ಟರಲ್ಲೇ ಮಾದಮ್ಮನಿಗೆ ಪಾಠವಾಗಿತ್ತು. ಮೊದಲು ಎಡ ಮೊಳಕೈ ಊರುತ್ತಾಳೆ. ಮೊಳಕೈ ಒಳಕ್ಕೆ ಇಳಿಯುತ್ತದೆ. ಆಮೇಲೆ ಬಲಗೈ ಊರುತ್ತಾಳೆ, ಅದೂ ಇಳಿಯುತ್ತದೆ. ಮೂರನೆಯ ಸಲ ಮಂಚದ ಅಂಚಿಗೆ ಕೈಚಾಚುತ್ತಾಳೆ, ಎಟುಕುವುದಿಲ್ಲ. ಆಮೇಲೆ ಕೂಗು.

“ಮಾದಾ.”

ಮಾದಮ್ಮ ಹಿಟ್ಟು ಸುರಿದಳು.

“ಮಾದಾ, ಎಲ್ಲೋದೆ?”

ಕೋಲು ಹಾಕಿ ತಿರುವಿದಳು. ಮೂರನೆಯ ಕೂಗಿಗೆ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ ಬಾಗಿಲಲ್ಲಿ ನಿಂತಳು.

“ಕರೆದ್ರಾ ಅತ್ತೆ?”

“ವಸಿ ಎತ್ತವ್ವ.”

ಇಪ್ಪತ್ತನಾಲ್ಕು ವರ್ಷದಲ್ಲಿ ಮಂಚಮ್ಮ ಸೊಸೆಯ ಮುಂದೆ ‘ವಸಿ’, ಸ್ವಲ್ಪ, ಎಂದು ಕೇಳಿಕೊಂಡವಳಲ್ಲ. ತಾ ಎನ್ನುತ್ತಿದ್ದಳು, ಮಾಡು ಎನ್ನುತ್ತಿದ್ದಳು, ಓಗು ಎನ್ನುತ್ತಿದ್ದಳು. ಮಾದಮ್ಮ ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು, ಬೆನ್ನಿಗೆ ದಿಂಬು ಇಟ್ಟಳು, ಬಿಸಿನೀರು ತಂದಳು. ಅಕ್ಕಪಕ್ಕದವರು ಯಾರಾದರೂ ನೋಡಿದ್ದರೆ ಕೈಮುಗಿಯಬೇಕು, ಹಾಗೆ ಮಾಡಿದಳು.

ಇದಕ್ಕೆಲ್ಲ ಮೊದಲು, ಕಳೆದ ತಿಂಗಳು, ಮಂಚಮ್ಮ ಕೊಟ್ಟಿಗೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಿದ್ದಳು. ಮಗ ತಮ್ಮಯ್ಯನಿಗೆ ಪಾಂಡವಪುರದ ಬಸ್ ಡಿಪೋದಲ್ಲಿ ಟೈರು ಬದಲಿಸುವ ಕೆಲಸ. ಅವತ್ತು ರಜೆ ಸಿಗಲಿಲ್ಲ. ಮುದುಕಿಯನ್ನು ಆಟೋದಲ್ಲಿ ಕೂರಿಸಿಕೊಂಡು ಮಂಡ್ಯದ ಡಾಕ್ಟರ ಹತ್ತಿರ ಹೋದವಳು ಮಾದಮ್ಮ. ಡಾಕ್ಟರು ಫೋಟೋ ತೆಗೆಸಿ, ಸೊಂಟದ ಎಲುಬು ಒಂದು ಚೂರು ಜರುಗಿದೆ, ಮುರಿದಿಲ್ಲ ಎಂದರು. ಮಂಚಮ್ಮ ಹೊರಗೆ ಬೆಂಚಿನ ಮೇಲೆ ಒರಗಿದ್ದಾಗ ಮಾದಮ್ಮನನ್ನು ಒಳಗೆ ಕರೆದು, ಇನ್ನು ನೆಲದ ಮೇಲೆ ಚಾಪೆ ಬೇಡ, ಹಾಗಂತ ಗುಂಡಿ ಬೀಳುವ ಮೆತ್ತನೆಯ ಹಾಸಿಗೆಯೂ ಬೇಡ, ಗಟ್ಟಿ ಹಾಸಿಗೆ ಇರಲಿ, ಮೇಲೊಂದು ತೆಳ್ಳನೆಯ ಫೋಮಿನ ಪದರ ಇರಲಿ ಎಂದು ಎರಡು ಸಲ ಬಿಡಿಸಿ ಹೇಳಿದರು. ಕೇಳಿಸಿಕೊಂಡವಳು ಮಾದಮ್ಮ ಒಬ್ಬಳೇ. ಮನೆಯಲ್ಲಿ ಹೇಳುವಾಗ ಒಂದೇ ಮಾತು ಹೇಳಿದಳು: “ಒಳ್ಳೇ ಹಾಸಿಗೆ ತರಬೇಕಂತೆ.”

ತಮ್ಮಯ್ಯ, ನೀನೇ ಹೋಗಿ ನೋಡಿ ತಂದುಬಿಡು, ಮೆತ್ತಗಿರೋದನ್ನ ತಾ, ದುಡ್ಡಿಗೆ ಹಿಂದೆಮುಂದೆ ನೋಡಬೇಡ ಎಂದ.

ಶ್ರೀರಂಗಪಟ್ಟಣದ ಹೆದ್ದಾರಿ ಬದಿಯಲ್ಲಿ ಶಿವಣ್ಣ ಎಂಬುವನ ಹಾಸಿಗೆ ಅಂಗಡಿ. ಅವನದೊಂದು ಶಿಸ್ತು. ಕೈಯಲ್ಲಿ ಒತ್ತಿ ನೋಡಿ ಕೊಳ್ಳುವ ಗಿರಾಕಿಗೆ ಅವನು ಮಾರುತ್ತಿರಲಿಲ್ಲ. ಚಪ್ಪಲಿ ಬಿಚ್ಚಿ ಮಲಗಬೇಕು, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೇ ಮಗ್ಗುಲಾಗಬೇಕು, ಹತ್ತು ನಿಮಿಷ ಏಳಬಾರದು. ಪರ ಗಂಡಸಿನ ಎದುರು ಮಲಗುವುದು ಹೇಗೆ ಎಂದು ಮಾದಮ್ಮ ನಾಚಿಕೊಂಡಾಗ ಅವನೇ ಆಚೆ ಹೋಗಿ, ಪರದೆಯ ಆ ಕಡೆಯಿಂದ ಮಾತಾಡಿದ.

“ಅಂಗಾತ ಮಲಗಿ, ಸೊಂಟದ ಕೆಳಗೆ ಕೈ ತೂರಿಸಿ ತಾಯಿ. ಸಲೀಸಾಗಿ ತೂರಿದ್ರೆ ಹಾಸಿಗೆ ಗಟ್ಟಿ ಜಾಸ್ತಿ. ತೂರೋಕೆ ಜಾಗವೇ ಇಲ್ಲ ಅಂದ್ರೆ ಮೆತ್ತಗೆ ಜಾಸ್ತಿ. ವಸಿ ಬಿಗಿಯಾಗಿ ಓಗಬೇಕು, ಅದು ಸರಿ.”

ಅವಳು ಮಲಗಿದ್ದು ತೆಂಗಿನ ನಾರಿನ ಗಟ್ಟಿ ಹಾಸಿಗೆ. ಮೇಲೆ ಎರಡಿಂಚಿನ ಫೋಮು. ಕೈ ವಸಿ ಬಿಗಿಯಾಗಿಯೇ ಹೋಯಿತು. ಎಮ್ಮೆ ಹಾಲು ಕರೆದು, ಹುಲ್ಲು ಹೊತ್ತು ಮರಗಟ್ಟಿದ್ದ ಬೆನ್ನು ಒಂದೊಂದೇ ಗಂಟು ಬಿಚ್ಚಿದಂತಾಯಿತು. ಕಣ್ಣು ಮುಚ್ಚಿದಳು. ಇದರ ಮೇಲೆ ಅತ್ತೆ ನಾಳೆ ಹೀಗೇ ಕಣ್ಣು ಮುಚ್ಚಿ ಮಲಗುತ್ತಾಳೆ ಎಂದು ಹೊಳೆದದ್ದೇ ತಡ, ಎದ್ದು ಕೂತಳು.

“ಅಣ್ಣಾ, ಯಾವುದ್ರಲ್ಲಿ ಮಲಿಕ್ಕಂಡ್ರೆ ಏಳಾದು ಕಷ್ಟ?”

ಅಂಥದ್ದನ್ನು ಬಿಟ್ಟು ಬೇರೆಯದನ್ನು ಕೊಳ್ಳಲು ಕೇಳುತ್ತಿದ್ದಾಳೆಂದುಕೊಂಡು ಶಿವಣ್ಣ ನಗುತ್ತ ಮೂಲೆಯಲ್ಲಿದ್ದ ಹತ್ತು ಇಂಚಿನ ಬಿಳಿ ಹಾಸಿಗೆ ತೋರಿಸಿದ. ಕೂತರೆ ಬೆಣ್ಣೆಯಲ್ಲಿ ಕೂತ ಹಾಗೆ. ಹುಡುಗರು ಇಷ್ಟಪಡುತ್ತಾರೆ ಎಂದ.

“ಅದೇ ಕೊಡಿ. ಮೇಲಕ್ಕೂ ಒಂದು ಮೆತ್ತನೆ ಪದರ ಹಾಕ್ಕೊಡಿ.”

“ವಯಸ್ಸಾದೋರಿಗೆ ಅಂದ್ರಲ್ಲ ತಾಯಿ. ಇದು ಅವರಿಗೆ ಒಗ್ಗಾಕಿಲ್ಲ.”

“ಅವರಿಗೆ ಮೆತ್ತಗಿರಾದೇ ಇಷ್ಟ,” ಎಂದಳು ಮಾದಮ್ಮ. ಡೈರಿಗೆ ಹಾಕಿದ ಹಾಲಿನ ದುಡ್ಡು ಅವಳದೇ ಖಾತೆಯಲ್ಲಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಶಿವಣ್ಣ ಬಿಲ್ಲಿನ ಜೊತೆ ಕನ್ನಡದಲ್ಲಿ ಅಚ್ಚು ಹಾಕಿಸಿದ್ದ ಒಂದು ಚೀಟಿ ಕೊಟ್ಟ. ಪ್ಲಾಸ್ಟಿಕ್ಕು ತೆಗೆದು ಗಾಳಿಯಾಡಲು ಬಿಡಬೇಕು, ಬಿಸಿಲಿಗೆ ಹಾಕಬಾರದು, ನೀರು ಸೋಕಿಸಬಾರದು, ಆಗಾಗ ತಲೆದಿಕ್ಕು ಕಾಲದಿಕ್ಕು ತಿರುಗಿಸಬೇಕು. ಸರಿಹೋಗದಿದ್ದರೆ ಮೂವತ್ತು ದಿನದೊಳಗೆ ಬಿಲ್ಲು ಸಮೇತ ತಂದರೆ ಬೇರೆ ಕೊಡುತ್ತೇವೆ. ಮಾದಮ್ಮ ಚೀಟಿ, ಬಿಲ್ಲು ಎರಡನ್ನೂ ಮಡಿಸಿ ಬೀರುವಿನಲ್ಲಿ ಸೀರೆಗಳ ಅಡಿಗೆ ಇಟ್ಟಳು.

ಹಾಸಿಗೆಯ ಲೆಕ್ಕ ಅವಳಿಗೂ ಮಂಚಮ್ಮನಿಗೂ ನಡುವೆ ಹಳೆಯದು.

ಮಾದಮ್ಮನ ತವರು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಕುಳ್ಳಯ್ಯ ಶ್ರಾವಣದ ಶನಿವಾರಗಳಲ್ಲಿ ಊರವರ ಮನೆಗಳಲ್ಲಿ ರಾಗವಾಗಿ ಪದ್ಯ ಓದುತ್ತಿದ್ದವನು. ಮಗಳ ಮದುವೆಯ ಹೊತ್ತಿಗೆ, ಅವಳಿಗೆಂದು ಅವನು ಮಾಡುತ್ತಿದ್ದ ಹಾಸಿಗೆ ಮುಗಿದಿರಲಿಲ್ಲ. ಹಿತ್ತಲ ಬೂರುಗದ ಮರದ ಹತ್ತಿ ಕೊಯ್ದು, ಎರಡು ಬೇಸಿಗೆ ಜಗಲಿಯ ಮೇಲೆ ಕೂತು, ಒಂದು ಪದ್ಯ ಹೇಳುವುದು ಒಂದು ಹಿಡಿ ಬೀಜ ಬಿಡಿಸುವುದು, ಹೀಗೆ ಮಾಡಿದ ಹಾಸಿಗೆ. ಮದುವೆಯಾದ ಮೂರನೆಯ ತಿಂಗಳು ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಾನೇ ತಂದು ಇಳಿಸಿ ಹೋಗಿದ್ದ. ಹೊಸದು ಹೊಸದಾಗೇ ಇರಲಿ ಎಂದು ಮಂಚಮ್ಮ ಅವತ್ತೇ ಅದನ್ನು ಅಟ್ಟಕ್ಕೆ ಹಾಕಿಸಿದಳು. ಮಾದಮ್ಮ ಚಾಪೆಯ ಮೇಲೆ ಮಲಗಿದಳು.

ಇನ್ನೆರಡು ತಿಂಗಳಿಗೆ ಮಂಚಮ್ಮನ ಮಗಳು ಚಿಕ್ಕಬೋರಮ್ಮನ ಮದುವೆ ಬಂತು. ಅವಳು ನಾಗಮಂಗಲದ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು; ಗಂಡು ಬಿಂಡಿಗನವಿಲೆಯವನು. ಛತ್ರದಲ್ಲಿ ಹೆಣ್ಣಿಗೆ ಕೊಡುವ ಬಳುವಳಿಯನ್ನು ಎಲ್ಲರಿಗೂ ಕಾಣುವಂತೆ ಜೋಡಿಸಿದ್ದರು. ಮಂಚ, ಬೀರು, ಹಂಡೆ, ಮಂಚದ ಮೇಲೆ ಅದೇ ಬೂರುಗದ ಹಾಸಿಗೆ. ಕುಂಕುಮದ ತಟ್ಟೆ ಹಿಡಿದು ಬರುತ್ತಿದ್ದ ಮಾದಮ್ಮ, ತನ್ನ ಅಪ್ಪ ಅದರ ಮುಂದೆ ನಿಂತಿರುವುದನ್ನು ಕಂಡಳು. ಅವನ ಪಕ್ಕದಲ್ಲೇ ಮಂಚಮ್ಮ ಬೀಗಿತ್ತಿಯರಿಗೆ ಹೇಳುತ್ತಿದ್ದಳು: “ನಮ್ಮ ತೋಟದ ಹತ್ತಿ. ಮಗಳಿಗೇಂತ ನಾನೇ ಕುಂತು ಬೀಜ ಬುಡಿಸ್ದೆ.”

ಕುಳ್ಳಯ್ಯ ಊಟ ಮಾಡಿದ, ಹೆಣ್ಣುಗಂಡಿಗೆ ಅಕ್ಷತೆ ಹಾಕಿದ. ಹೊರಡುವಾಗ ಮಗಳನ್ನು ಕರೆದು ಕೇಳಿದ.

“ಹಾಸಿಗೇಲಿ ನಿದ್ದೆ ಚೆಂದಾಗಿ ಬತ್ತದಾ ಮಗಾ?”

“ಬತ್ತದೆ ಕಣಪ್ಪ,” ಎಂದಳು ಮಾದಮ್ಮ.

ಅವನು ತಲೆಯಾಡಿಸಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಆಮೇಲೆ ಏಳು ವರ್ಷ ಬದುಕಿದ್ದ. ಮಗಳ ಮನೆಗೆ ಬಂದಾಗಲೆಲ್ಲ ಜಗಲಿಯಲ್ಲೇ ಕೂತು ಮಜ್ಜಿಗೆ ಕುಡಿದು ಹೋಗುತ್ತಿದ್ದ, ಹೊಸ್ತಿಲು ದಾಟಲಿಲ್ಲ.

ಹೊಸ ಹಾಸಿಗೆಯನ್ನು ಮಾದಮ್ಮ ಸಾಕಿದ ರೀತಿ ನೋಡಬೇಕಾಗಿತ್ತು. ಹತ್ತಿಯ ಬಿಳಿ ಗವಸು ಹೊಲಿಸಿ ಹಾಕಿದಳು. ಬೆಳಿಗ್ಗೆ ಕಿಟಕಿ ತೆರೆದು ಹೊದಿಕೆ ತೆಗೆದು ಒಂದು ಗಂಟೆ ಗಾಳಿಗೆ ಬಿಡುತ್ತಿದ್ದಳು. ಮುದುಕಿ ಹಚ್ಚಿಕೊಳ್ಳುವ ನೋವಿನೆಣ್ಣೆ ಇಳಿಯದಂತೆ ಸೊಂಟದ ಜಾಗಕ್ಕೆ ಹಳೆಯ ಪಂಚೆ ಹಾಸುತ್ತಿದ್ದಳು. ಚೀಟಿಯಲ್ಲಿದ್ದದ್ದು ಒಂದೂ ತಪ್ಪಲಿಲ್ಲ. ಬೀದಿಯ ಹೆಂಗಸರು ಗುಂಪುಗುಂಪಾಗಿ ಬಂದರು. ಒಬ್ಬೊಬ್ಬರೂ ಅಂಗೈ ಒತ್ತಿ, ಅದು ಇಳಿದು ಮತ್ತೆ ನಿಧಾನವಾಗಿ ಮೇಲೇಳುವುದನ್ನು ನೋಡಿ ಬೆರಗಾದರು. ಪಕ್ಕದ ಮನೆಯ ಮಾಯಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು, ನನ್ನ ಸೊಸೆ ಇಷ್ಟು ವರ್ಷದಲ್ಲಿ ಒಂದು ತಲೆದಿಂಬು ತಂದುಕೊಟ್ಟಿಲ್ಲ, ನೀನು ಪುಣ್ಯವಂತೆ ಕಣಕ್ಕ ಎಂದಳು. ಮಂಚಮ್ಮ ಹೂಂ ಎನ್ನಬೇಕಾಯಿತು. ಮೊದಲ ದಿನವೇ ಆಕೆ ಫೋನಿನಲ್ಲಿ ಮಗಳಿಗೆ, ಬಂದವರಿಗೆ, ಹಾಲಿನವರಿಗೆ ಹಾಸಿಗೆಯ ಬೆಲೆ ಸಾರಿಬಿಟ್ಟಿದ್ದಳು. ಈಗ ಅದು ನೋಯಿಸುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು?

ಎರಡನೆಯ ವಾರಕ್ಕೆ ಮುದುಕಿಯ ಊಟ ಅರ್ಧಕ್ಕಿಳಿಯಿತು. ಬಸ್ಸಾರು ಎಂದರೆ ಬಟ್ಟಲು ನೆಕ್ಕುತ್ತಿದ್ದವಳು ಮುದ್ದೆ ಮುರಿದು ಹಾಗೇ ಇಡುತ್ತಿದ್ದಳು. ಒಂದು ಮಧ್ಯಾಹ್ನ ಹೇಗೋ ಹೊರಳಿ ಇಳಿದು ನೆಲಕ್ಕೆ ಚಾಪೆ ಹಾಸಿಕೊಂಡು ಮಲಗಿದ್ದಳು. ಡಿಪೋದಿಂದ ಬಂದ ತಮ್ಮಯ್ಯನಿಗೆ ಸಿಟ್ಟು ಬಂತು.

“ಅಷ್ಟು ದುಡ್ಡು ಸುರಿದು ತಂದದ್ದ ಬುಟ್ಟು ನೆಲದ ಮ್ಯಾಲೆ ಬಿದ್ದಿದ್ದೀಯಲ್ಲವ್ವ. ನೋಡ್ದೋರು ಏನಂದಾರು?”

“ಅದರಾಗೆ ನಿದ್ದೆ ಬರಾಕಿಲ್ಲ ಕಣ್ಲಾ.”

“ಅಭ್ಯಾಸ ಆಯ್ತದೆ ಬುಡು. ರಾಜರು ಮಲಗಾ ಹಾಸಿಗೆ ಅದು.”

ಎತ್ತಿ ಮತ್ತೆ ಅದರಲ್ಲೇ ಇಳಿಸಿದ. ಮಾದಮ್ಮ ಅತ್ತೆಯ ಕಾಲಿನ ಮೇಲೆ ಹೊದಿಕೆ ಎಳೆದು, ಅಂಚು ಸರಿಮಾಡಿದಳು. ಅತ್ತೆ ಸೊಸೆಯ ಮುಖವನ್ನೇ ನೋಡಿದಳು.

ಮೂರನೆಯ ವಾರ ಬಿಂಡಿಗನವಿಲೆಯಿಂದ ಚಿಕ್ಕಬೋರಮ್ಮ ಬಂದಳು. ಒಂದು ಚೀಲ ಹುರುಳಿ, ಒಂದು ಡಬ್ಬ ತುಪ್ಪ ತಂದಿದ್ದಳು. ತಾಯಿ ಸೊರಗಿರುವುದನ್ನು ಕಂಡು ಗಾಬರಿಯಾದಳು. ಹಾಸಿಗೆಯ ಮೇಲೆ ಕೂತು, ಎದ್ದು, ಮತ್ತೆ ಕೂತು ಪರೀಕ್ಷೆ ಮಾಡಿದಳು. ಕೊನೆಗೆ ರೋಗ ಗೊತ್ತಾಯಿತು ಎಂದಳು. ಒಳಗೆ ಹತ್ತಿ ಕುಗ್ಗಿದೆ, ಬಿಸಿಲು ಕಾಣಿಸಿ ನಾಲ್ಕು ಬಡಿದರೆ ಉಬ್ಬಿ ಗಟ್ಟಿಯಾಗುತ್ತದೆ, ಅತ್ತಿಗೆಗೆ ಇಷ್ಟು ತಿಳಿಯಲಿಲ್ಲವೇ?

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಕಡೆ ಯುಗಾದಿಗೆ ಮುಂಚೆ ಮನೆಮನೆಯ ಅಂಗಳದಲ್ಲೂ ಹಾಸಿಗೆ ಬಡಿಯುವ ಸದ್ದೇ. ಒಳಗಿರುವುದು ಹತ್ತಿಯಲ್ಲ ಎಂಬುದು ಮಾತ್ರ ಅವಳ ತಲೆಗೆ ಹೋಗಲಿಲ್ಲ. ಮಾದಮ್ಮ ಡೈರಿಗೆ ಹೋದ ಹೊತ್ತು ನೋಡಿ, ಮಾಯಮ್ಮನನ್ನೂ ಕೂಗಿಕೊಂಡು, ಇಬ್ಬರೂ ಸೇರಿ ಆ ಭಾರವನ್ನು ದರದರ ಎಳೆದು ಅಂಗಳದ ಬಿಸಿಲಿಗೆ ಹಾಕಿದರು. ಗವಸು ಕಿತ್ತರು. ಒಬ್ಬಳು ಬಾರುಕೋಲು, ಇನ್ನೊಬ್ಬಳು ಒನಕೆ. ಹೊಡೆದ ಏಟನ್ನೆಲ್ಲ ಹಾಸಿಗೆ ನುಂಗಿಕೊಂಡು ಮತ್ತೆ ಹಾಗೇ ಎದ್ದು ನಿಲ್ಲುತ್ತಿತ್ತು. ಮಂಚಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಇನ್ನೂ ಜೋರಾಗಿ ಹೊಡಿ ಬೋರಿ, ಅದರ ಸೊಕ್ಕು ಇಳಿಬೇಕು ಎಂದು ಹೇಳಿಕೊಡುತ್ತಿದ್ದಳು. ಆ ವಾರದಲ್ಲಿ ಆಕೆಯ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಮಾದಮ್ಮನ ಮಗಳು ಧನುಶ್ರೀ ಪಾಂಡವಪುರದ ಕಾಲೇಜಿನಿಂದ ಆಗ ಬಂದಳು. ಬಾರುಕೋಲು ಕಿತ್ತುಕೊಂಡಳು. ಫೋಮನ್ನು ಯಾರಾದರೂ ಬಿಸಿಲಿಗೆ ಹಾಕಿ ಬಡಿಯುತ್ತಾರಾ ಅತ್ತೆ ಎಂದು ನಗುತ್ತಲೇ ರೇಗಿದಳು. ಮೂವರೂ ಸೇರಿ ಅದನ್ನು ನೆರಳಿಗೆ ಎಳೆದರು. ಹಾಳಾಯಿತೇನೋ ಎಂದು, ಅಂಚಿನಲ್ಲಿ ಹೊಲಿದಿದ್ದ ಪಟ್ಟಿಯ ಮೇಲಿನ ಅಂಗಡಿಯ ನಂಬರಿಗೆ ಧನುಶ್ರೀ ಫೋನು ಮಾಡಿದಳು. ಶಿವಣ್ಣನೇ ತೆಗೆದ. ಒಂದು ತಾಸು ಬಿಸಿಲಿಗೆ ಏನೂ ಆಗಿರುವುದಿಲ್ಲ ಎಂದ. ಆಮೇಲೆ ತಾನಾಗಿಯೇ ಸೇರಿಸಿದ: “ಅಜ್ಜಿಗೆ ಅದು ಒಗ್ಗಾಕಿಲ್ಲ ಅಂತ ನಿಮ್ಮ ತಾಯಿಗೆ ಅವತ್ತೇ ಯೋಳಿದ್ದೆ ಮಗಾ. ದಿನ ಇನ್ನೂ ಅವೆ, ಬಿಲ್ಲು ತಗಂಡು ಬನ್ನಿ, ಗಟ್ಟಿದು ಕೊಡ್ತೀನಿ.”

ಸಂಜೆ ಕೊಟ್ಟಿಗೆಯಲ್ಲಿ ಮಾದಮ್ಮ ಹಾಲು ಕರೆಯುತ್ತಿದ್ದಳು. ಧನುಶ್ರೀ ಗೋಡೆಗೆ ಒರಗಿ ನಿಂತಳು.

“ನಿಂಗೆ ಗೊತ್ತಿತ್ತಾ ಅಮ್ಮ?”

“ಏನು?”

“ಅಜ್ಜಿಗೆ ಆ ಹಾಸಿಗೆ ಆಗಲ್ಲ ಅಂತ.”

ಹಾಲಿನ ಸದ್ದು ನಿಲ್ಲಲಿಲ್ಲ. “ಗೊತ್ತಿತ್ತು.”

“ಗೊತ್ತಿದ್ದೂ ತಂದ್ಯಾ?”

“ಗೊತ್ತಿದ್ದೇ ತಂದೆ.”

ತಾತನ ಹಾಸಿಗೆಯ ಕಥೆ ಅವಳು ಕೇಳಿದ್ದೇ. ಅಮ್ಮನಿಗೆ ಸಿಟ್ಟು ಬಂದಾಗಲೆಲ್ಲ ಅದರ ಒಂದು ತುಂಡು ಹೊರಬರುತ್ತಿತ್ತು. “ಅದಕ್ಕೆ ಅಜ್ಜಿ ಸೊಂಟ ಮುರೀಬೇಕಾ?”

“ಸೊಂಟ ಮುರಿಯಾದು ಬ್ಯಾಡ. ಬಾಯಿ ಬುಡಲಿ. ಅದು ಕುಳ್ಳಯ್ಯನ ಹಾಸಿಗೆ, ನಂದಲ್ಲ ಅಂತ ಆ ನಿನ್ನ ಸೋದರತ್ತೆ ಮುಂದೆ ಒಂದು ಮಾತು ಯೋಳಲಿ. ಅವತ್ತೇ ಬದಲಾಯಿಸ್ತೀನಿ.”

“ತಾತ ಇದ್ದಿದ್ರೆ ಇದಕ್ಕೆ ಒಪ್ತಿದ್ರಾ?”

“ಒಪ್ತಿರ್ಲಿಲ್ಲ. ಅವರು ಒಳ್ಳೇರು.” ಮಾದಮ್ಮ ಚೊಂಬು ಎತ್ತಿಕೊಂಡು ಎದ್ದಳು. “ನಾನಲ್ಲ.”

ರಾತ್ರಿ ಊಟಕ್ಕೆ ಅವರೆಕಾಳಿನ ಸಾರು. ಧನುಶ್ರೀ ಅಪ್ಪನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಚಿಕ್ಕಬೋರಮ್ಮ ಆಗ ಮಾಯಮ್ಮನ ಮನೆಯಲ್ಲಿದ್ದಳು. ತಮ್ಮಯ್ಯ ಮುದ್ದೆಗೆ ಕೈ ಹಾಕದೆ, ಬಿಲ್ಲು ಕೊಡು, ನಾಳೆ ಗಾಡಿ ಮಾಡಿಕೊಂಡು ಹೋಗುತ್ತೇನೆ ಎಂದ. ಮಾದಮ್ಮ ಸಾರು ಬಡಿಸಿದಳು.

“ಬಿಲ್ಲು ಬೇಕಾದೋರು ಬಂದು ಕೇಳಲಿ.”

“ಅವ್ವ ನೋವು ತಿಂತಾವಳೆ ಕಣೆ. ಹಳೇದ ಯಾಕೆ ಕೆದಕೀಯೆ?”

“ಹಳೇದು ನಿಮಗೆ. ಅಟ್ಟದಿಂದ ಅದ ಇಳಿಸ್ದೋರು ಯಾರು? ಟ್ರಾಕ್ಟರಿಗೆ ಏರಿಸ್ದೋರು ಯಾರು? ನಮ್ಮಪ್ಪನಿಗೆ ಅವತ್ತು ಬಾಳೆಲೆ ಹಾಕ್ದೋರೂ ನೀವೇ. ಒಂದು ಮಾತಾಡಿದ್ರಾ?”

ತಮ್ಮಯ್ಯ ತಲೆ ತಗ್ಗಿಸಿ ಮುದ್ದೆ ಮುರಿದ. ಆಮೇಲೆ ಆ ಮನೆಯಲ್ಲಿ ಬಿಲ್ಲಿನ ಸುದ್ದಿ ಅವನು ಎತ್ತಲಿಲ್ಲ. ಬೀರುವಿನ ಬೀಗದಕೈ ಮಾದಮ್ಮನ ಸೊಂಟದಲ್ಲಿತ್ತು. ದಿನ ಕಳೆಯಿತು. ಬೆಳಿಗ್ಗೆ ಮೂರು ಕೂಗು, ಒಂದು ‘ವಸಿ ಎತ್ತವ್ವ’, ಹಾಲು, ಡೈರಿ, ಮುದ್ದೆ. ಮೂವತ್ತು ದಿನದಲ್ಲಿ ಇಪ್ಪತ್ತೇಳು ಆಯಿತು, ಇಪ್ಪತ್ತೆಂಟು ಆಯಿತು. ಮುದುಕಿ ಮಗಳ ಕೈತುತ್ತಿಗೂ ಬಾಯಿ ತೆರೆಯದಾದಳು.

ಇಪ್ಪತ್ತೊಂಬತ್ತನೆಯ ದಿನ ಚಿಕ್ಕಬೋರಮ್ಮ ಊರಿಗೆ ಹೊರಡುವವಳು. ಜಗಲಿಯಲ್ಲಿ ಕೂತು ಹೊರಡುವ ಮುಂಚೆ ಅಷ್ಟು ಸೊಪ್ಪನ್ನಾದರೂ ಸೋಸಿಕೊಡುತ್ತೇನೆ ಎಂದು ಮೊರ ಎಳೆದುಕೊಂಡಿದ್ದಳು. ಒಳಗಿನ ಮಾತು ಅಲ್ಲಿಗೆ ಕೇಳಬೇಕಾದರೆ ಕೋಣೆಯ ಬಾಗಿಲು ತೆರೆದರೆ ಸಾಕಿತ್ತು. ಬಾಗಿಲು ಸದ್ಯಕ್ಕೆ ಮುಚ್ಚಿತ್ತು. ಮಾದಮ್ಮ ಬಿಲ್ಲನ್ನು ಹಾಸಿಗೆಯ ಮೇಲೆ, ಮುದುಕಿಯ ಕೈಗೆ ಎಟುಕುವ ಹಾಗೆ ಇಟ್ಟಳು.

“ನಾಳೆಗೆ ಗಡುವು ಮುಗೀತದೆ ಅತ್ತೆ. ಇವತ್ತು ಗಾಡಿ ಬಂದ್ರೆ ಬೈಗಿಗೆ ಗಟ್ಟಿ ಹಾಸಿಗೆ ಮ್ಯಾಲೆ ಮಲಗ್ತೀರಿ. ನಾನೇ ಮಲಗಿ ನೋಡಿದ್ದೀನಿ, ಬೆನ್ನಿಗೆ ಇತವಾಗಿ ಅದೆ.”

ಮಂಚಮ್ಮ ಬಿಲ್ಲಿನ ಕಡೆ ನೋಡಲಿಲ್ಲ. “ನಂಗೆ ಮಾರನೇ ದಿನ ಏಳುವಾಗ್ಲೇ ಗೊತ್ತಾಯ್ತು ಕಣಮ್ಮಿ. ನೀನು ಬೇಕೂಂತ ತಂದದ್ದು ಅಂತ.”

“ಗೊತ್ತಾಗ್ಲಿ ಅಂತಲೇ ತಂದದ್ದು.”

“ಏನು ಮಾಡ್ಬೇಕು ಯೋಳು.”

“ಬೋರಮ್ಮನ ಒಳಕ್ಕೆ ಕರೀತೀನಿ. ನಿನ್ನ ಮದುವೇಲಿ ಕೊಟ್ಟ ಹಾಸಿಗೆ ನಿಮ್ಮತ್ತಿಗೆಯ ಅಪ್ಪ ಮಾಡಿದ್ದು, ನಾನು ಸುಳ್ಳಾಡಿದೆ ಅನ್ನಿ. ಅಷ್ಟೇಯ.”

ಮುದುಕಿ ಮೊಳಕೈ ಊರಿ ಏಳಲು ನೋಡಿದಳು, ಆಗಲಿಲ್ಲ. ಇದ್ದಲ್ಲೇ ಉಸಿರು ತೆಗೆದುಕೊಂಡಳು.

“ಕುಳ್ಳಯ್ಯಂದೇ ಅದು. ಅವನು ನಿಂತು ನೋಡ್ತಿದ್ದುದೂ ನಂಗೆ ಗೊತ್ತಿತ್ತು. ನೋಡ್ತಾ ಇದ್ದ ಅಂತಲೇ ಅಂಗಂದೆ, ಬೀಗರ ಮುಂದೆ ಬಾಯಿ ಬುಡದೆ ಇರಲಿ ಅಂತ. ನಂದು ತಪ್ಪು. ನಿಂಗಾದ್ರೆ ನೂರು ಸಲಿ ಯೋಳ್ತೀನಿ. ಕಾಲು ಇಡಿ ಅಂದ್ರೂ ಇಡೀತೀನಿ.”

ಮಾದಮ್ಮನ ಕೈ ಮಂಚದ ಚೌಕಟ್ಟನ್ನು ಹಿಡಿಯಿತು. ಇಪ್ಪತ್ತನಾಲ್ಕು ವರ್ಷ ಕಾದ ಮಾತು ಹೀಗೆ, ಮುಚ್ಚಿದ ಬಾಗಿಲ ಹಿಂದೆ, ಹೊದಿಕೆ ಮಡಿಸಿದಷ್ಟು ಸುಲಭವಾಗಿ ಬಂದು ಬಿದ್ದಿತ್ತು. ಅದು ಸಾಲಲಿಲ್ಲ.

“ನಂಗೆ ಬ್ಯಾಡ. ನಂಗೆ ಮೊದಲೇ ಗೊತ್ತು. ಅವಳಿಗೆ ಯೋಳಿ.”

“ಅವಳ ಮೂರು ಮಕ್ಕಳೂ ಅದ್ರ ಮ್ಯಾಲೆ ಬೆಳೆದವು. ಅತ್ತೆ ಮನೇಲಿ ಯಾರೇನಂದ್ರೂ, ನಮ್ಮವ್ವ ನಂಗೋಸ್ಕರ ಕುಂತು ಬೀಜ ಬುಡಿಸಿದ್ಲು ಅಂತ ಇವತ್ತಿಗೂ ತಲೆ ಎತ್ಕಂಡು ಯೋಳ್ತಳೆ. ನಾನು ಅವಳಿಗೆ ಅಂತ ಇನ್ನೇನೂ ಮಾಡ್ಲಿಲ್ಲ ಕಣಮ್ಮಿ. ಓದ್ತಿದ್ದೋಳ ಓದು ಬುಡಿಸ್ದೆ, ಮದುವೆ ಮಾಡಿ ಕೊಟ್ಬುಟ್ಟೆ.”

ಮಾದಮ್ಮ ಹೋಗಿ ಬಾಗಿಲು ತೆರೆದಳು. ಜಗಲಿಯಲ್ಲಿ ಮೊರದ ಸದ್ದು ಕೇಳಿಸಿತು. ಸೊಪ್ಪಿನ ಕಡ್ಡಿ ಮುರಿಯುವ ಸಣ್ಣ ಸದ್ದು.

“ಕರೀಲಾ ಅತ್ತೆ?”

ಮಂಚಮ್ಮ ಬಿಲ್ಲನ್ನು ಬೆರಳ ತುದಿಯಿಂದ ತಳ್ಳಿದಳು. ಅದು ಜಾರಿ ನೆಲಕ್ಕೆ ಬಿತ್ತು.

“ಕರೀಬ್ಯಾಡ. ಇದರಾಗೇ ಹೂತೋಯ್ತೀನಿ. ಅವಳಿಗೆ ಮಾತ್ರ ಯೋಳಾಕಿಲ್ಲ.”